ಶಾಲೆ ನೋಡಲು ಹೊರಟು ಶಾಸನ ಓದಿದ ರೈಸ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಶಾಲೆಯ ಗುರುಗಳು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂಬುದು ಅವರ ನಿರೀಕ್ಷೆಯಾಗಿತ್ತು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯಿಂದ ಅದನ್ನು ಬಯಸುವುದು ಸಹಜವೇ. ಆದರೆ ಸರ್ಕಾರಿ ಶಾಲೆಯೊಂದು ಐವತ್ತು ತುಂಬಿದ ಸಂತೋಷದಲ್ಲಿರುವಾಗ ನೆನೆಯಬೇಕಾದ ಒಬ್ಬ ಹಿರಿಯರಿದ್ದಾರೆ. ಅವರು ಹಳ್ಳಿಹಳ್ಳಿಗೂ ಸರ್ಕಾರಿ ಶಾಲೆ ಬರಬೇಕೆಂದು ಯೋಜನೆ ಹಾಕಿದ ಅಧಿಕಾರಿ. ಅದೇ ಹಳ್ಳಿಗಳಲ್ಲಿ ಮಣ್ಣು, ಮುಳ್ಳುಕಂಟಿಗಳ ನಡುವೆ ನಿಂತಿದ್ದ ಕಲ್ಲುಗಳನ್ನು ಓದಿ, ಕರ್ನಾಟಕಕ್ಕೆ ಅದರ ಚರಿತ್ರೆಯನ್ನು ತೆರೆದಿಟ್ಟವರೂ ಅವರೇ. ಅವರ ಹೆಸರು ಬೆಂಜಮಿನ್ ಲೂಯಿಸ್ ರೈಸ್. ನಮ್ಮ ಜನ ಅವರನ್ನು ಬಿ.ಎಲ್. ರೈಸ್ ಎಂದು ಕರೆಯುತ್ತಾರೆ, ಶಾಸನ ಪಿತಾಮಹ ಎಂದು ಗೌರವಿಸುತ್ತಾರೆ.

ರೈಸ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1837ರ ಜುಲೈ 17ರಂದು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡ ಬಲ್ಲವರು. ಹಾಗಾಗಿ ಹುಡುಗನಿಗೆ ಕನ್ನಡ ಪರಭಾಷೆಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಹಿಂತಿರುಗಿದ ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾಯಿತು. ನಂತರ ಅವರು ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲೆಗಳ ಇನ್ಸ್‌ಪೆಕ್ಟರ್ ಆದರು, ಆಮೇಲೆ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಹೋಬಳಿಗೊಂದು ಶಾಲೆ ಬೇಕೆಂಬ ಯೋಜನೆಯನ್ನು 1868ರಲ್ಲಿ ರೂಪಿಸಿದವರು ಇವರೇ. ಅದಕ್ಕೆ ಮುಂಚೆ ಸರ್ಕಾರಿ ಶಾಲೆ ಎಂದರೆ ಪಟ್ಟಣದ ಮಾತು. ಹಳ್ಳಿಯ ಮಕ್ಕಳಿಗೆ ಕೂಲಿಮಠವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂದು ಉತ್ತರಹಳ್ಳಿ ಹೋಬಳಿಯ ನಮ್ಮ ಅಂಜನಾಪುರದಲ್ಲಿ ಫೀಸಿನ ಚಿಂತೆಯಿಲ್ಲದೆ ಮಕ್ಕಳು ಓದುತ್ತಿದ್ದಾರೆಂದರೆ, ಅದರ ಹಿಂದೆ ಒಂದೂವರೆ ಶತಮಾನದ ಇಂತಹ ಹಲವು ಪ್ರಯತ್ನಗಳಿವೆ.

ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ನಮ್ಮ ಕಾಲದಲ್ಲಿ ಶಾಲೆ ಗುಡಿಸಿ, ಕಪ್ಪುಹಲಗೆಗೆ ಮಸಿ ಬಳಿದು, ಮೊದಲ ಬೆಂಚಿನಲ್ಲಿ ಜಾಣರನ್ನು ಕೂರಿಸುವ ಪದ್ಧತಿಯಿತ್ತು. ರೈಸರ ಕಾಲದ ಇನ್ಸ್‌ಪೆಕ್ಟರು ಕುದುರೆಯ ಮೇಲೆ ಬರುತ್ತಿದ್ದರು. ರಸ್ತೆ ಕಡಿಮೆ, ರೈಲು ಇನ್ನೂ ಕಡಿಮೆ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ದಾರಿಯಲ್ಲಿ ಕೆರೆ ಏರಿ, ಗುಡಿಯ ಅಂಗಳ, ಹೊಲದ ಬದು, ಊರ ಬಾಗಿಲುಗಳಲ್ಲಿ ಅಕ್ಷರ ಕೊರೆದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಹಳ್ಳಿಯವರನ್ನು ಕೇಳಿದರೆ ಯಾರಿಗೂ ಓದಲು ಬರುತ್ತಿರಲಿಲ್ಲ. ಲಿಪಿ ಹಳೆಯದು, ಭಾಷೆ ಹಳೆಗನ್ನಡ. ಅದೇ ಸಮಯದಲ್ಲಿ ಇನ್ನೊಂದು ಕೆಲಸವೂ ಅವರ ಕೈಗೆ ಬಂತು. ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ 1865ರಲ್ಲಿ ಮೈಸೂರು ಸೀಮೆಯ ಅನೇಕ ಶಾಸನಗಳ ಫೋಟೋ ತೆಗೆದಿದ್ದರು. ಅವುಗಳಲ್ಲಿ ಏನಿದೆ ಎಂದು ತಿಳಿಸಬೇಕಾದ ಹೊಣೆ ರೈಸರ ಪಾಲಿಗೆ ಬಂತು. ಆ ಕೆಲಸವೇ ಬೆಳೆದು 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಪುಸ್ತಕವಾಯಿತು.

ಕಲ್ಲನ್ನು ಓದುವುದು ಹೇಗೆ?

ವಿದ್ಯಾರ್ಥಿ ಮಿತ್ರರು ಇದನ್ನು ತಿಳಿದಿರಬೇಕು. ಮೊದಲು ಕಲ್ಲನ್ನು ನೀರಿನಿಂದ ಚೆನ್ನಾಗಿ ತೊಳೆದು ಪಾಚಿ, ಮಣ್ಣು ತೆಗೆಯುತ್ತಾರೆ. ಅದರ ಮೇಲೆ ಒದ್ದೆ ಮಾಡಿದ ಕಾಗದವನ್ನು ಹಾಸಿ ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾರೆ. ಆಗ ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಆಮೇಲೆ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲನೆ ತಟ್ಟಿದರೆ, ಉಬ್ಬಿದ ಭಾಗಕ್ಕೆ ಮಸಿ ಹತ್ತಿ, ಗುಳಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಬಿಡಿಸಿಕೊಂಡರೆ ಇಡೀ ಶಾಸನವೇ ಕಾಗದದ ಮೇಲೆ ಬಂದಿರುತ್ತದೆ. ಇದನ್ನು ಪಡಿಯಚ್ಚು ಎನ್ನುತ್ತಾರೆ. ಕಲ್ಲು ಅಲ್ಲೇ ಇರುತ್ತದೆ, ಅದರ ಮಾತು ಮಾತ್ರ ವಿದ್ವಾಂಸರ ಮೇಜಿಗೆ ಬರುತ್ತದೆ.

ಆಮೇಲೆ ಕಾಲನಿರ್ಣಯ. ಶಾಸನದಲ್ಲಿ ಶಕ ವರ್ಷವಿದ್ದರೆ ಅದಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ಶಕ ವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಬರೆಯುವ ರೂಢಿ ನಮ್ಮ ಹಿರಿಯರಲ್ಲಿತ್ತು. ನಾವು ಸಾಫ್ಟ್‌ವೇರಿನವರು ಒಂದು ಮಾಹಿತಿ ಕೆಡದೆ ಬಂದಿದೆಯೇ ಎಂದು ತಿಳಿಯಲು ಅದರ ಜೊತೆಗೆ ಒಂದು ತಾಳೆಯ ಅಂಕಿಯನ್ನೂ ಕಳುಹಿಸುತ್ತೇವೆ. ಶಾಸನದ ತಿಥಿ, ವಾರಗಳು ಅಂಥದ್ದೇ ಕೆಲಸ ಮಾಡುತ್ತವೆ. ಹೇಳಿದ ತಿಥಿಯಂದು ಹೇಳಿದ ವಾರ ಬೀಳದಿದ್ದರೆ ಶಾಸನವನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ವರ್ಷವೇ ಇಲ್ಲದಿದ್ದರೆ ಅಕ್ಷರಗಳ ಆಕಾರ ನೋಡಿ, ಅದರಲ್ಲಿ ಹೇಳಿರುವ ಅರಸನ ಕಾಲ ನೋಡಿ ನಿರ್ಧರಿಸುತ್ತಾರೆ.

ಹನ್ನೆರಡು ಸಂಪುಟಗಳು

ರೈಸರು 1880ರ ದಶಕದಲ್ಲಿ ವಿದ್ಯಾ ಇಲಾಖೆಯ ಕೆಲಸದ ಜೊತೆಗೇ ಪುರಾತತ್ತ್ವದ ಹೊಣೆಯನ್ನೂ ಹೊತ್ತರು. 1890ರಿಂದ 1906ರಲ್ಲಿ ನಿವೃತ್ತರಾಗುವವರೆಗೆ ಪೂರ್ಣಾವಧಿ ಅದೇ ಕೆಲಸ. ಅದರ ಫಲ 'ಎಪಿಗ್ರಾಫಿಯ ಕರ್ನಾಟಿಕ'. ಕೊಡಗಿನ ಶಾಸನಗಳ ಮೊದಲ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ್ದು 1889ರಲ್ಲಿ ಬಂದವು. ಆಮೇಲೆ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು ಜಿಲ್ಲೆಗಳವು. 1905ರಲ್ಲಿ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳ ಸಂಪುಟಗಳು ಬರುವ ಹೊತ್ತಿಗೆ ಒಟ್ಟು 12 ಸಂಪುಟಗಳಾಗಿದ್ದವು. ಅವುಗಳಲ್ಲಿ ಸುಮಾರು 9,000 ಶಾಸನಗಳಿವೆ.

ಈ ಸಂಪುಟಗಳ ಜೋಡಣೆಯನ್ನು ನೋಡಿದರೆ ನನ್ನಂಥ ಇಂಜಿನಿಯರನಿಗೆ ಗೌರವ ಹುಟ್ಟುತ್ತದೆ. ಜಿಲ್ಲೆಗೊಂದು ಸಂಪುಟ, ಅದರೊಳಗೆ ತಾಲ್ಲೂಕುವಾರು ವಿಂಗಡಣೆ, ತಾಲ್ಲೂಕಿನ ಪ್ರತಿ ಶಾಸನಕ್ಕೂ ಒಂದು ಸಂಖ್ಯೆ. ತಾಲ್ಲೂಕಿನ ಹೆಸರಿನ ಸಂಕ್ಷೇಪ ಮತ್ತು ಸಂಖ್ಯೆ ಹೇಳಿದರೆ ಸಾಕು, ಪ್ರಪಂಚದ ಯಾವ ಮೂಲೆಯ ವಿದ್ವಾಂಸನಿಗೂ ಅದು ಯಾವ ಕಲ್ಲು ಎಂದು ತಿಳಿಯುತ್ತದೆ. ಜೊತೆಗೆ ಮೂಲ ಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಇಂಗ್ಲಿಷ್ ಅನುವಾದ, ಮೊದಲಿಗೆ ಆ ಜಿಲ್ಲೆಯ ಅರಸುಮನೆತನಗಳ ಪೀಠಿಕೆ. ಅನುವಾದ ಸರಿಯೆನಿಸದವರು ಮೂಲವನ್ನೇ ನೋಡಿ ತಿದ್ದಬಹುದು. ಕಂಪ್ಯೂಟರ್ ಎಂಬ ಮಾತೇ ಇಲ್ಲದ ಕಾಲದಲ್ಲಿ ಕಟ್ಟಿದ ಮಾಹಿತಿ ಭಂಡಾರ ಇದು. ನಾವು ಬರೆದ ತಂತ್ರಾಂಶ ಹತ್ತು ವರ್ಷ ಬಾಳಿದರೆ ಹೆಚ್ಚು. ಇದು ನೂರಿಪ್ಪತ್ತು ವರ್ಷ ದಾಟಿಯೂ ದಿನನಿತ್ಯ ಬಳಕೆಯಲ್ಲಿದೆ.

ಇಷ್ಟು ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಊರೂರು ಸುತ್ತಿ ಪಡಿಯಚ್ಚು ತಂದವರು, ಹಳೆಗನ್ನಡ, ಸಂಸ್ಕೃತ, ತಮಿಳು ಪಾಠಗಳನ್ನು ಓದಿ ಬಿಡಿಸಿದ ಪಂಡಿತರು ಅವರ ಜೊತೆಗಿದ್ದರು. ಮುಂದೆ 'ಕರ್ನಾಟಕ ಕವಿಚರಿತೆ' ಬರೆದ ಆರ್. ನರಸಿಂಹಾಚಾರ್ಯರು ಆ ಬಳಗದಲ್ಲಿ ಪಳಗಿದವರು. ಭಿನ್ನಾಭಿಪ್ರಾಯಗಳೂ ಇದ್ದವು. ಗಂಗ ಅರಸರವೆಂದು ಹೇಳುವ ಕೆಲವು ತಾಮ್ರಪಟಗಳು ನಕಲಿ ಎಂದು ಜೆ.ಎಫ್. ಫ್ಲೀಟ್ ವಾದಿಸಿದರು. ರೈಸರು ಅವುಗಳನ್ನು ಸಮರ್ಥಿಸಿಕೊಂಡರು. ಲಿಪಿಯ ಆಕಾರ, ತಿಥಿವಾರಗಳ ಲೆಕ್ಕ ಇವುಗಳ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಇಬ್ಬರೂ ಆಧಾರವನ್ನು ಮುಂದಿಟ್ಟೇ ಮಾತಾಡಿದರು. ಇಂದು ಫೋನಿನಲ್ಲಿ ಬಂದದ್ದನ್ನೆಲ್ಲ ಇತಿಹಾಸವೆಂದು ನಂಬಿ ಮುಂದಕ್ಕೆ ಕಳುಹಿಸುವ ನಾವು ಇದನ್ನು ಗಮನಿಸಬೇಕು.

ಮೊಳಕಾಲ್ಮೂರಿನ ಬಂಡೆಗಳು

ರೈಸರ ಶೋಧಗಳಲ್ಲಿ ದೊಡ್ಡದು 1892ರಲ್ಲಿ ನಡೆಯಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಂಡೆಗಳ ಮೇಲೆ ಬ್ರಾಹ್ಮೀ ಲಿಪಿಯ ಬರಹಗಳು ಅವರಿಗೆ ಸಿಕ್ಕವು. ಅವು ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಬರೆದ ಲಿಪಿಕಾರ ಚಪಡ. ಅವನು ತನ್ನ ಕಸುಬನ್ನು ಸೂಚಿಸುವ ಪದವನ್ನು ವಾಯುವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎಲ್ಲಿಯ ವಾಯುವ್ಯ, ಎಲ್ಲಿಯ ಮೊಳಕಾಲ್ಮೂರು! ಕೆಲಸಕ್ಕಾಗಿ ದೂರದ ಊರಿಗೆ ಬಂದು ಅಲ್ಲಿ ತನ್ನ ಗುರುತು ಬಿಟ್ಟ ಆ ಬರಹಗಾರನನ್ನು ನೆನೆದರೆ, ನಮ್ಮ ಬಡಾವಣೆಯ ಬಾಡಿಗೆ ಮನೆಗಳಲ್ಲಿರುವ ಎಷ್ಟೋ ಜನ ನೆನಪಾಗುತ್ತಾರೆ.

ಒಂದು ಕಾಕತಾಳೀಯ ಹೇಳಬೇಕು. ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರಲ್ಲಿ, ಅಂದರೆ ರೈಸರು ಹುಟ್ಟಿದ ವರ್ಷ. ಪ್ರಿನ್ಸೆಪ್ ಟಂಕಸಾಲೆಯ ಅಧಿಕಾರಿ. ಮುಂದೆ 1915ರಲ್ಲಿ ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇರುವ ಶಾಸನವನ್ನು ಕಂಡ ಬೀಡನ್ ಚಿನ್ನದ ಗಣಿಯ ಇಂಜಿನಿಯರ್. ರೈಸ್ ಶಾಲಾ ಇನ್ಸ್‌ಪೆಕ್ಟರ್. ಇತಿಹಾಸದ ಬಾಗಿಲು ಪದವಿ ಕೇಳಿ ತೆರೆಯುವುದಿಲ್ಲ ಎಂಬುದಕ್ಕೆ ಇವರೇ ಸಾಕ್ಷಿ.

ರೈಸರು ಕಲ್ಲುಗಳಿಗೆ ಸೀಮಿತರಾಗಲಿಲ್ಲ. ಓಲೆಗರಿಗಳಲ್ಲಿದ್ದ ಹಳೆಗನ್ನಡ ಕಾವ್ಯ, ವ್ಯಾಕರಣಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ನಾಗವರ್ಮನ 'ಕರ್ನಾಟಕ ಭಾಷಾಭೂಷಣ', ಭಟ್ಟಾಕಳಂಕನ 'ಶಬ್ದಾನುಶಾಸನ', ಪಂಪನ 'ವಿಕ್ರಮಾರ್ಜುನ ವಿಜಯ' ಅವರ ಕಾಲದಲ್ಲಿ ಮುದ್ರಣ ಕಂಡವು. ಕೆ.ಬಿ. ಪಾಠಕ್ ಸಂಪಾದಿಸಿದ 'ಕವಿರಾಜಮಾರ್ಗ' 1898ರಲ್ಲಿ ಅವರ ಮಾಲೆಯಲ್ಲೇ ಹೊರಬಂತು. ಈಗ ಒಂಬತ್ತು, ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಹಳೆಗನ್ನಡದ ಪದ್ಯ ಬಂದಾಗ ತಲೆ ಕೆರೆದುಕೊಳ್ಳುವ ಮಕ್ಕಳು, ಆ ಓಲೆಗರಿಗಳು ಗೆದ್ದಲಿಗೆ ಸಿಕ್ಕಿದ್ದರೆ ಪದ್ಯವೇ ಇರುತ್ತಿರಲಿಲ್ಲ ಎಂಬುದನ್ನು ನೆನೆಯಲಿ!

ನಮ್ಮ ಪಕ್ಕದ ಬೇಗೂರು

ಇನ್ನು ನಮ್ಮ ಸುತ್ತಮುತ್ತಲಿನ ವಿಷಯಕ್ಕೆ ಬರೋಣ. ಅಂಜನಾಪುರದಿಂದ ಪೂರ್ವಕ್ಕೆ ಬನ್ನೇರುಘಟ್ಟ ರಸ್ತೆ ದಾಟಿ ಹೋದರೆ, ಹತ್ತು ಕಿಲೋಮೀಟರಿನೊಳಗೆ ಬೇಗೂರು. ಅಲ್ಲಿಯ ನಾಗೇಶ್ವರ ದೇವಾಲಯ ಗಂಗರ ಕಾಲದಿಂದ ಇದೆ. ಬೇಗೂರಿನ ಹಳೆಯ ಹೆಸರು ಬೆಂಪೂರು. ಅಲ್ಲಿಂದ ಬಂದ ಒಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಯುದ್ಧದಲ್ಲಿ ಮಡಿದ ನಾಗತ್ತರ ಎಂಬ ನಾಯಕನ ಕಲ್ಲು ಅದು. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ರಣರಂಗವನ್ನು ಅದರಲ್ಲಿ ಕೆತ್ತಿದ್ದಾರೆ. ಅವನ ಮರಣಾನಂತರ ಗಂಗ ಅರಸ ಎರೆಯಪ್ಪ ಇರುಗ ಎಂಬವನಿಗೆ ಆ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕೊಟ್ಟನೆಂದು ಅದು ಹೇಳುತ್ತದೆ.

ಅದೇ ಬೇಗೂರಿನ ಗುಡಿಯಲ್ಲಿ ಇನ್ನೊಂದು ಚಿಕ್ಕ ಶಾಸನವಿದೆ. ಸುಮಾರು ಕ್ರಿ.ಶ. 890ರದ್ದು. ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿ ಕಾಳಗವೊಂದರಲ್ಲಿ ಸತ್ತನೆಂದು ಅದರಲ್ಲಿದೆ. ಆ ಕಾಳಗ ನಡೆದದ್ದು ಬೆಂಗಳೂರಿನಲ್ಲಿ. ಇದನ್ನು ಬೆಳಕಿಗೆ ತಂದವರು ರೈಸರ ಉತ್ತರಾಧಿಕಾರಿ ನರಸಿಂಹಾಚಾರ್ಯರು. ಹೊಯ್ಸಳ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿ ಮುದುಕಿಯೊಬ್ಬಳ ಗುಡಿಸಲಿನಲ್ಲಿ ಬೆಂದ ಕಾಳು ತಿಂದದ್ದರಿಂದ ಬೆಂದಕಾಳೂರು ಎಂಬ ಹೆಸರಾಯಿತೆಂದು ನಾವೆಲ್ಲ ಕೇಳಿದ್ದೇವೆ. ಕಥೆ ಸೊಗಸಾಗಿದೆ, ಮಕ್ಕಳಿಗೆ ಹೇಳಬಹುದು. ಆದರೆ ವೀರಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮುಂಚೆಯೇ ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲಿತ್ತು. ಕೆಂಪೇಗೌಡರು 1537ರಲ್ಲಿ ಪೇಟೆ ಕೋಟೆ ಕಟ್ಟಿದಾಗ ಆ ಹೆಸರಿಗೆ ಆರು ಶತಮಾನ ಮೀರಿದ ವಯಸ್ಸು. ಅರಸರ ಆಸ್ಥಾನದಲ್ಲಿ ಹೆಸರಿಲ್ಲದ ಒಬ್ಬ ಸೆಟ್ಟಿಯ ಸಾವಿಗೆ ಯಾರೋ ನಿಲ್ಲಿಸಿದ ಕಲ್ಲು ಇಡೀ ಮಹಾನಗರಕ್ಕೆ ಜನ್ಮಪತ್ರಿಕೆಯಾಯಿತು.

ರೈಸರ ನಂತರವೂ ಕೆಲಸ ನಿಲ್ಲಲಿಲ್ಲ. ನರಸಿಂಹಾಚಾರ್ಯರ ಬಳಿಕ, ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಇಲಾಖೆಯನ್ನು ನಡೆಸಿದರು. ಆಮೇಲೆ ಡಾ. ಎಂ.ಎಚ್. ಕೃಷ್ಣ ಬಂದರು. ಅವರು ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ನೆಲ ಅಗೆದು ಶೋಧಿಸಿದರು. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಲೋಕಕ್ಕೆ ತಿಳಿಸಿದರು. ಸುಮಾರು ಕ್ರಿ.ಶ. 450ರದೆಂದು ಎಣಿಸುವ ಆ ಕಲ್ಲೇ ಕನ್ನಡದ ಪ್ರಾಚೀನತೆಯ ಮಾತು ಬಂದಾಗಲೆಲ್ಲ ನಾವು ತೋರಿಸುವ ಸಾಕ್ಷಿ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು.

ಅಕ್ಷರವಿಲ್ಲದ ಕಲ್ಲು

ಇಷ್ಟೆಲ್ಲ ಬರೆಯಲು ನನಗೆ ಕಾರಣವಾದದ್ದು ಒಂದು ಕಲ್ಲು. ನನ್ನ ತಾಯಿಯ ತವರೂರಿನಲ್ಲಿ, ತಾತನ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿತ್ತು. ಕೆಳಗೆ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಯುಗಾದಿಯ ದಿನ ತಾತ ಅದಕ್ಕೆ ಎಣ್ಣೆ ಹಚ್ಚಿ ಹೂವಿಡುತ್ತಿದ್ದರು. ಯಾರದು ಎಂದು ಕೇಳಿದರೆ, ಊರ ದನ ಉಳಿಸಲು ಹೋಗಿ ಸತ್ತವನಂತೆ ಕಣಪ್ಪಾ ಎನ್ನುತ್ತಿದ್ದರು. ಆ ಜಮೀನುಗಳು ಬಡಾವಣೆಯಾದವು. ಜೆಸಿಬಿ ಒಂದೇ ದಿನದಲ್ಲಿ ಬದುಗಳನ್ನು ಸಮ ಮಾಡಿತು. ಮುಂದಿನ ಯುಗಾದಿಗೆ ಎಣ್ಣೆ ಬಟ್ಟಲು ಹಿಡಿದು ಹೋದ ತಾತ ಹಾಗೇ ಹಿಂತಿರುಗಿದರು. ಚರಂಡಿಯ ಚಪ್ಪಡಿಯಾಯಿತೋ, ಅಡಿಪಾಯಕ್ಕೆ ಬಿತ್ತೋ, ಹೇಳುವವರಿರಲಿಲ್ಲ. ಅವರು ಇರುವವರೆಗೂ ಆ ದಿನ ಮನೆಯ ಹೊಸ್ತಿಲಲ್ಲೇ ಒಂದು ಹೂವಿಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರು ಸಂಪುಟವನ್ನು ತೆರೆದು ಆ ಊರಿನ ಹೆಸರು ಹುಡುಕಿದೆ. ಅದರಲ್ಲಿ ಇರಲಿಲ್ಲ. ಕಾರಣ ಸರಳವಾದದ್ದು. ರೈಸರು ಸಂಗ್ರಹಿಸಿದ್ದು ಅಕ್ಷರವಿದ್ದ ಕಲ್ಲುಗಳನ್ನು. ನಮ್ಮ ತಾತನ ಕಲ್ಲಿನಲ್ಲಿ ಚಿತ್ರವಿತ್ತು, ಅಕ್ಷರವಿರಲಿಲ್ಲ. ಅಕ್ಷರವಿದ್ದ ಕಲ್ಲು ಕಳೆದುಹೋದರೂ ಅದರ ಮಾತು ರೈಸರ ಪುಟಗಳಲ್ಲಿ ಉಳಿದಿದೆ. ಅಕ್ಷರವಿಲ್ಲದ ಕಲ್ಲಿಗೆ ಅದನ್ನು ಕಂಡವರ ನೆನಪೊಂದೇ ದಾಖಲೆ. ನೆನಪಿಟ್ಟುಕೊಂಡವರು ಹೋದರೆ ಅದೂ ಹೋಯಿತು.

ಆಶಾದಾಯಕ ಸಂಗತಿಯೂ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಒಂದು ವೀರಗಲ್ಲು ಬೆಳಕಿಗೆ ಬಂತು. ಕಿಟ್ಟಯ್ಯ ಎಂಬ ವೀರನ ಕಲ್ಲು ಅದು. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲು ಎಂದು ಅದರಿಂದ ತಿಳಿಯಿತು. ಆಸಕ್ತ ನಾಗರಿಕರು ಮುಂದೆ ನಿಂತು ಅದಕ್ಕೊಂದು ಮಂಟಪ ಕಟ್ಟಿಸಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯಲ್ಲಿ ಈಗ ಬೆಂಗಳೂರು ಸೀಮೆಯ ಶಾಸನಗಳನ್ನು ತ್ರಿ-ಡಿ ಸ್ಕ್ಯಾನರಿನಿಂದ ದಾಖಲಿಸುವ ಕೆಲಸ ನಡೆಯುತ್ತಿದೆ. ಸ್ಕ್ಯಾನರು ಕಲ್ಲಿನ ಏರುತಗ್ಗುಗಳನ್ನೆಲ್ಲ ಅಳೆದುಕೊಳ್ಳುತ್ತದೆ. ಬೇಕಾದ ಕೋನದಿಂದ ಬೆಳಕು ಬಿಟ್ಟಂತೆ ಪರದೆಯ ಮೇಲೆ ತಿರುಗಿಸಿ ನೋಡಿದಾಗ, ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಎದ್ದು ಬರುತ್ತದೆ. ಒದ್ದೆ ಕಾಗದ ಮತ್ತು ಮಸಿ ಮಾಡುತ್ತಿದ್ದ ಕೆಲಸವನ್ನೇ ಈಗ ಬೆಳಕು ಮತ್ತು ಲೆಕ್ಕ ಮಾಡುತ್ತಿವೆ. ನಮ್ಮಂಥವರ ಓದು ಇಲ್ಲಿಗೂ ಉಪಯೋಗಕ್ಕೆ ಬರುತ್ತದೆ.

ನಮ್ಮ ಶಾಲೆಯ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ, ಅಜ್ಜಿಯ ಊರಿನಲ್ಲಿ, ಕೆರೆಯ ಬಳಿ, ಗುಡಿಯ ಹಿಂದೆ ಕೆತ್ತನೆಯ ಕಲ್ಲು ಕಂಡರೆ ನಾಲ್ಕು ಕೆಲಸ ಮಾಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಆಗ ಅಕ್ಷರ ಸ್ಪಷ್ಟವಾಗಿ ಬರುತ್ತದೆ. ಎತ್ತರ, ಅಗಲ ಅಳೆದು ಬರೆದುಕೊಳ್ಳಿ. ಯಾವ ಊರು, ಯಾರ ಜಮೀನು, ಫೋನಿನ ನಕ್ಷೆಯಲ್ಲಿ ಎಲ್ಲಿದೆ ಎಂದು ಗುರುತು ಮಾಡಿ. ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆಯಿರಿ. ಅಕ್ಷರ ಕಾಣಲೆಂದು ಬಣ್ಣ ಬಳಿಯಬೇಡಿ, ಮೊಳೆ ಕಲ್ಲುಗಳಿಂದ ಕೆರೆಯಬೇಡಿ, ಇದ್ದ ಜಾಗದಿಂದ ಕದಲಿಸಬೇಡಿ. ನಿಮ್ಮ ಸಮಾಜ ವಿಜ್ಞಾನದ ಗುರುಗಳಿಗೆ ತಂದು ತೋರಿಸಿ. ಶಾಲೆಯಲ್ಲಿ ಇದಕ್ಕೊಂದು ರಿಜಿಸ್ಟರ್ ಇಟ್ಟರೆ, ಅದನ್ನು ಕಂಪ್ಯೂಟರಿಗೆ ಏರಿಸಿ ಕಾಪಾಡುವ ಕೆಲಸವನ್ನು ನಾನು ಮತ್ತು ನನ್ನ ಸಹಪಾಠಿಗಳು ಸಂತೋಷದಿಂದ ಮಾಡಿಕೊಡುತ್ತೇವೆ.

ರೈಸರು ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೂ 1909ರಲ್ಲಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಪುಸ್ತಕವಾಗಿ ಬರೆದರು. 1927ರ ಜುಲೈ 10ರಂದು, ತೊಂಬತ್ತರ ಹೊಸ್ತಿಲಲ್ಲಿ ಹ್ಯಾರೋ ಎಂಬಲ್ಲಿ ತೀರಿಕೊಂಡರು. ಅವರು ಕುದುರೆಯೇರಿ ಸುತ್ತಿದ ಸೀಮೆಯಲ್ಲಿ ಇಂದು ನಮ್ಮೂರ ಹತ್ತಿರವೇ ಮೆಟ್ರೋ ಬಂದು ನಿಲ್ಲುತ್ತದೆ. ಕೆರೆ, ಹೊಲ, ಬದುಗಳು ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ ಇನ್ನೂ ಉಳಿದಿರುವ ಕಲ್ಲುಗಳನ್ನು ನೋಡಿ ಬರೆದಿಡುವವರು ಬೇಕು. ಅವರು ಈ ಶಾಲೆಯಿಂದಲೇ ಬರಲಿ ಎಂದು ಹಾರೈಸುತ್ತೇನೆ.